ಕೆಂದ್ಯಾನ ಬಲಕ್ಕೆ ಹಂಡ್ಯಾ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ನರಸಯ್ಯನವರ ಮನೆ ಅಂದರೆ ಎರಡು ಮಗ್ಗದ ಮನೆ. ಪಡಸಾಲೆಯ ಮಗ್ಗದಲ್ಲಿ ಮಗ ಸಾಯಿನಾಥ ಕೂಡುತ್ತಾನೆ. ಒಳಕೋಣೆಯದು ಭೀಮಮ್ಮನ ಮಗ್ಗ. ನರಸಯ್ಯನವರ ಹೆಂಡತಿ ಭೀಮಮ್ಮ ತೀರಿಹೋದ ಮೇಲೆ ಅದಕ್ಕೆ ಯಾರೂ ಹಾಸಿನ ನೂಲು ಏರಿಸಲಿಲ್ಲ. ನೇಯುವವರು ಕಾಲು ಇಳಿಬಿಡುವ ಕುಣಿಯಲ್ಲಿ ಇಲಿ ಸೇರಬಾರದೆಂದು ಮೇಲೆ ಹಲಗೆ ಮುಚ್ಚಿದರು. ಆ ಹಲಗೆಯ ಮೇಲೆ ಮೊದಲು ಜೋಳದ ಚೀಲ ಬಂತು, ಆಮೇಲೆ ಹಳೇ ಟ್ರಂಕು ಬಂತು, ಕಡೆಗೆ ಸೊಸೆ ಮಾಧವಿಯ ಬಣ್ಣದ ಡಬ್ಬಿಗಳು ಬಂದು ಚೀಲವನ್ನೂ ಟ್ರಂಕನ್ನೂ ಹೊರಗೆ ಹಾಕಿದವು.

ಮನೆಯಲ್ಲಿ ಒಳ್ಳೆ ಬೆಳಕಿರುವುದು ಅದೊಂದೇ ಕೋಣೆಗೆ. ಎಳೆ ಕಾಣಲಿ ಅಂತ ಹಿರಿಯರು ಮಗ್ಗದ ಮುಂದೆಯೇ ಕಿಟಕಿ ಇಡಿಸಿದ್ದರು. ಆ ಬೆಳಕಿನಲ್ಲಿ ಪ್ಲೈವುಡ್ ತುಂಡುಗಳು ಗೋಡೆಗೆ ಒರಗಿ ನಿಂತಿರುತ್ತವೆ. ಒಂದರಲ್ಲಿ ದಾಸವಾಳದ ಎಲೆ ಮುಗಿದಿದೆ, ಹೂವಿನ್ನೂ ಪೆನ್ಸಿಲಿನ ಗೆರೆ. ಇನ್ನೊಂದರಲ್ಲಿ ನಾಯಿಗೆ ನಾಲ್ಕು ಕಾಲೂ ಹೊಟ್ಟೆಯೂ ಇದೆ, ತಲೆ ಬಂದಿಲ್ಲ. ಮಾಧವಿ ಯಾವುದನ್ನೂ ಒಂದೇ ಏಟಿಗೆ ಮುಗಿಸುವವಳಲ್ಲ. ಬಾಗಿಲು ಚೌಕಟ್ಟಿಗೆ ಬಳಿಯುವ ಎನಾಮಲ್ ಬಣ್ಣವೇ ಅವಳದು. ಅದು ಒಣಗಲು ಹೊತ್ತು ಹಿಡಿಯುತ್ತದೆ. ಒಂದು ಒಣಗುವ ತನಕ ಇನ್ನೊಂದಕ್ಕೆ ಕೈ ಹಾಕುತ್ತಾಳೆ. ಯಾವುದನ್ನೇ ಆಗಲಿ ಕೆಳಗಿನಿಂದಲೇ ಶುರು ಮಾಡುತ್ತಾಳೆ. ಮೊದಲು ಅಂಚು, ಆಮೇಲೆ ಗೊರಸು, ಆಮೇಲೆ ಮೊಳಕಾಲು. ಸೀರೆ ನೇಯ್ದ ಹಾಗೆ ಕೆಳಗಿನ ಸಾಲು ಮುಗಿಯದೆ ಮೇಲಿನ ಸಾಲಿಗೆ ಹೋಗುವುದಿಲ್ಲ.

ಆಕೆಯ ತವರು ಗದ್ವಾಲ್. ಅವರಪ್ಪ ಸೀರೆಯಂಚಿಗೆ ನಕ್ಷೆ ಬರೆಯುತ್ತಿದ್ದರು. ಚೌಕಳಿ ಕಾಗದದ ಮೇಲೆ ಒಂದೊಂದು ಮನೆ ತುಂಬಿ ಹಂಸ, ನವಿಲು, ಮಾವಿನಕಾಯಿ ಎಬ್ಬಿಸುವುದು. ಮಾಧವಿ ಶಾಲೆಗೆ ಹೋದದ್ದಕ್ಕಿಂತ ಆ ಕಾಗದದ ಪಕ್ಕ ಕೂತದ್ದೇ ಜಾಸ್ತಿ. ಮದುವೆಯಾಗಿ ಬಂದ ಮೇಲೂ ನಾರಾಯಣಪೇಟೆಯವರಿಗೆ ನಕ್ಷೆ ಬರೆದುಕೊಟ್ಟಳು. ಆಮೇಲೆ ಗದ್ವಾಲಿನಲ್ಲಿ ಅವಳ ತಮ್ಮ ಹರಿಕೃಷ್ಣನೇ ಕಂಪ್ಯೂಟರ್ ತಂದ. ಕೈಯಲ್ಲಿ ಬರೆದ ನಕ್ಷೆ ಕೇಳುವವರು ಇಲ್ಲದಾದರು. ತಮ್ಮನ ಮೇಲೆ ಅವಳಿಗೆ ಸಿಟ್ಟಿಲ್ಲ. ಕೈ ಮಾತ್ರ ಸುಮ್ಮನಿರಲೊಲ್ಲದು. ಮೊದಲು ಹಿಟ್ಟಿನ ಡಬ್ಬಿಯ ಮೇಲೆ ಸೇವಂತಿಗೆ ಬಂತು, ಆಮೇಲೆ ಓಣಿಯವರ ಬಾಗಿಲುಗಳ ಮೇಲೆ ಕಮಲ, ಕನಕಾಂಬರ. ಒಂದು ದಿನ ಪಕ್ಕದ ಮನೆ ಮಹೇಂದರನ ಮೇಕೆ ಬರೆದಳು. ಅದು ದಿನಾ ಇವಳ ತುಳಸಿ ತಿಂದು ಬೈಸಿಕೊಳ್ಳುವ ಮೇಕೆ, ಅದರ ಮುಖ ಇವಳಿಗೆ ಬಾಯಿಪಾಠವಾಗಿತ್ತು.

ನರಸಯ್ಯನವರು ಕೆಟ್ಟವರಲ್ಲ. ಸೊಸೆ ಬರೆಯುವುದು ಅವರಿಗೆ ಬೇಸರವೂ ಅಲ್ಲ. ಅವರ ನೋವೇ ಬೇರೆ. ದಸರೆಗೆ ಓಣಿಯ ಎಲ್ಲ ಮಗ್ಗಕ್ಕೂ ಪೂಜೆ ಆಗುತ್ತದೆ. ಅವರು ಮಾತ್ರ ಮುಚ್ಚಿದ ಹಲಗೆಗೆ ಕುಂಕುಮ ಇಟ್ಟು ಬರಬೇಕು. ಓಣಿಯವರು ಕೇಳಿದರೆ ಏನು ಹೇಳುವುದು? ಹೆಂಡತಿ ಕೂತ ಜಾಗ ಸುಮ್ಮನೆ ಬಿದ್ದಿದೆ ಅನ್ನುವುದೇ ಅವರ ಸಂಕಟ.

ಶ್ರಾವಣದಲ್ಲಿ ಮಕ್ತಲ್‌ನಿಂದ ತಾಯಣ್ಣ, ಆಶಮ್ಮ ಅಂತ ಗಂಡ ಹೆಂಡತಿ ಸೀರೆಗೆ ಬಂದರು. ಹೊಲಮನೆಯವರು. ತಾಯಣ್ಣನ ತಮ್ಮನ ಮಗಳು ಸ್ರವಂತಿಯ ಮದುವೆ ಇತ್ತು. ಆಶಮ್ಮ ಪಡಸಾಲೆಯಲ್ಲಿ ಸೀರೆ ಬಿಚ್ಚಿಸಿ ಬಿಚ್ಚಿಸಿ ನೋಡುತ್ತಿದ್ದಳು. ತಾಯಣ್ಣನಿಗೆ ಅದರಲ್ಲಿ ಕೆಲಸವಿಲ್ಲ. ಅತ್ತಿತ್ತ ನೋಡಿದ. ಮಹೇಂದರನ ಮೇಕೆ ಒಣಗಲೆಂದು ಕಟ್ಟೆಗೆ ಒರಗಿ ನಿಂತಿತ್ತು. ಎದ್ದು ಹೋಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ.

“ಇದು ಯಾರ ಮ್ಯಾಕಿರಿ?”

ಬಾಜೂ ಮನೆಯದು ಅಂದಳು ಮಾಧವಿ.

“ನನ್ನ ಅಂಗಿ ಜಗಿಯೂ ಹಂಗ ನೋಡಾಕ ಹತ್ತೈತಿ,” ಅಂದು ತಾಯಣ್ಣ ಅಂಗಿಯ ಚುಂಗನ್ನು ಹಿಂದಕ್ಕೆ ಸರಿಸಿಕೊಂಡ.

ಆಮೇಲೆ ಕಿಸೆಯಿಂದ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಹೋದ ವರ್ಷದ ಕಾರಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸಿದ ಜೋಡೆತ್ತು. ಕೆಂಪಗಿನದು ಕೆಂದ್ಯಾ, ಬಿಳಿ ಮೈಯ ಮೇಲೆ ಕರಿ ಮಚ್ಚೆಯದು ಹಂಡ್ಯಾ. ಹೋರಿಗಳಿದ್ದಾಗಿನಿಂದ ಒಂದೇ ನೊಗ. ಕೆಂದ್ಯಾ ಎಡಕ್ಕೆ, ಹಂಡ್ಯಾ ಬಲಕ್ಕೆ. ಹೋದ ಚಳಿಗಾಲದಲ್ಲಿ ಹೊಟ್ಟೆ ಉಬ್ಬರಿಸಿ ಹಂಡ್ಯಾ ಸತ್ತಿತು. ಬೇರೆ ಎತ್ತು ತಂದು ಜೋಡಿ ಮಾಡಲು ನೋಡಿದರೆ ಕೆಂದ್ಯಾ ಕೋಡಿನಿಂದ ಹಾದು ಹಾದು ಅದನ್ನು ತಿರುಗಿ ಕಳಿಸುವ ಹಾಗೆ ಮಾಡಿತು. ಈಗಲೂ ಕೊಟ್ಟಿಗೆಯಲ್ಲಿ ಮಲಗಿದರೆ ಬಲಕ್ಕೆ ಒಂದು ಎತ್ತಿನ ಜಾಗ ಬಿಟ್ಟೇ ಮಲಗುತ್ತದೆ. ಎರಡೂ ಒಟ್ಟಿಗಿರುವ ಚಿತ್ರ ಬೇಕು ಅಂದ ತಾಯಣ್ಣ.

ಆಶಮ್ಮ ಸೀರೆಯಿಂದ ತಲೆ ಎತ್ತಲಿಲ್ಲ. “ಆ ಫೋನಿನಾಗ ನನ್ನ ಫೋಟೋ ಒಂದೂ ಇಲ್ಲ ನೋಡವ್ವಾ,” ಅಂದಳು. “ಎಲ್ಲಾ ಎತ್ತೇ.”

ಅವರು ಹೋದ ಮೇಲೆ ನರಸಯ್ಯನವರು ಸೊಸೆಯನ್ನು ಕರೆದರು. ಎಲ್ಲ ಕೇಳಿಸಿಕೊಂಡು ಕೂತಿದ್ದವರು, ತೂಗಿ ಮಾತಾಡಿದರು.

“ಮಾಧವೀ, ಓಣ್ಯಾನವರು ಒಯ್ಯೂದು ಲೆಕ್ಕಕ್ಕಿಲ್ಲ. ಈ ಮನಿಷಾ ಹೊರಗಿನವ. ದಸರಾದೊಳಗ ಅವ ಬಂದು, ಇವು ನನ್ನ ಎತ್ತು ಅಂತ ಒಪ್ಪಿ ಒಯ್ದ ಅಂದ್ರ ಆ ಖೋಲಿ ನಿಂದು. ಮತ್ತ ನಾ ಮಗ್ಗದ ಮಾತು ಎತ್ತಂಗಿಲ್ಲ. ಒಯ್ಯಲಿಲ್ಲಂದ್ರ ದಶಮಿಗೆ ಹಾಸು ಏರಸ್ತೀನಿ. ನೀನೇ ಕುಂದ್ರಬೇಕು.”

ಆಗಲಿ ಅಂದಳು. ಮಗ್ಗ ಅವಳಿಗೆ ಗೊತ್ತಿಲ್ಲದ್ದಲ್ಲ, ಅಂಜಿಕೆಯೂ ಇಲ್ಲ. ಆದರೆ ದಿನವಿಡೀ ಲಾಳಿ ಒಗೆದ ಕೈ ಸಂಜೆಗೆ ಕುಂಚ ಹಿಡಿಯುವುದಿಲ್ಲ. ಆ ಬೆಳಕು ಹೋದರೆ ಅವಳ ಚಿತ್ರವೂ ಹೋದ ಹಾಗೇ. ಅದು ಅವಳಿಗೂ ಗೊತ್ತು, ಮಾವನಿಗೂ ಗೊತ್ತು.

ಬಸ್ ನಿಲ್ದಾಣದ ಹತ್ತಿರ ಆ ಫೋಟೋ ದೊಡ್ಡದು ಮಾಡಿಸಿ ತಂದಳು. ಅದರ ಮೇಲೆ ಚೌಕಳಿ ಗೆರೆ ಎಳೆದಳು, ಪ್ಲೈವುಡ್ ಹಲಗೆಯ ಮೇಲೂ ಎಳೆದಳು. ಒಂದೊಂದು ಮನೆ ಎಣಿಸಿ ಗೆರೆ ದಾಟಿಸಿದಳು. ಮೂಡಿದ ಗೆರೆ ಒಂದು ಕೂದಲು ಆಚೀಚೆ ಆಗಲಿಲ್ಲ. ಕೆಳಗೆ ಅಂಚಿಗೆ, ದಸರೆಯ ಮುಂಚೆ ಹೆಂಗಸರು ಹೂ ಪೇರಿಸಿ ಆಡುವ ಬತುಕಮ್ಮನ ಹೂಗಳನ್ನೇ ತೆಗೆದುಕೊಂಡಳು. ಒಂದು ಸಾಲು ಹಳದಿ ತಂಗಡಿ, ಒಂದು ಸಾಲು ಗುನುಗು, ಒಂದು ಸಾಲು ಚೆಂಡುಹೂ. ತಾಟಿನಲ್ಲಿ ಪೇರಿಸಿದ ಹಾಗೆ ಸಾಲಿನ ಮೇಲೆ ಸಾಲು. ಅದರ ಮೇಲೆ ಎಂಟು ಗೊರಸು ಬಂದು ನಿಂತವು.

ಮಳೆಗಾಲ, ಬಣ್ಣ ಬೇಗ ಒಣಗದು. ನಡುನಡುವೆ ದಾಸವಾಳ ಮುಗಿಸಿದಳು. ಚಹಾದಂಗಡಿಯ ಜಂಬಪ್ಪನ ನಾಯಿಗೆ ಕೊರಳು ಕೊಟ್ಟಳು. ನರಸಯ್ಯನವರು ದಿನಾ ಸಂಜೆ ಬಾಗಿಲಲ್ಲಿ ನಿಂತು ಎಲ್ಲಿಗೆ ಬಂತು ಅಂತ ಕೇಳುವರು, ಸೀರೆ ಎಲ್ಲಿಗೆ ಬಂತು ಅಂತ ಕೇಳಿದ ಹಾಗೆಯೇ. ಮೊಳಕಾಲಿಗೆ ಬಂತು ಅನ್ನುವಳು. ಇನ್ನೊಂದು ವಾರಕ್ಕೆ ಕೊರಳ ಕೆಳಗಿನ ಗಂಗೆದೊಗಲಿಗೆ ಬಂತು ಅನ್ನುವಳು. ಸಾಯಿನಾಥನಿಗೆ ಅದೇ ತಮಾಷೆ.

“ನಾಯಿಗೆ ತಲಿ ಇಲ್ಲ, ಎತ್ತಿಗೆ ಬೆನ್ನಿಲ್ಲ,” ಅಂದ ಒಂದು ದಿನ ಊಟಕ್ಕೆ ಕೂತು. “ನಮ್ಮ ಮನಿ ಖಟಕರ ಅಂಗಡಿ ಆಗೇತಿ.”

“ಹಂಗಾದ್ರ ಮುಂದ ಕುಂತು ಮಾರ್ರಿ,” ಅಂದು ಮಾಧವಿ ಇನ್ನೊಂದು ರೊಟ್ಟಿ ಹಾಕಿದಳು.

ಕೆಂದ್ಯಾನ ಕೆಂಪಿಗೆ ಆಕೆ ಬಹಳ ಹೆಣಗಿದಳು. ಇಟ್ಟಿಗೆಯ ಕೆಂಪಲ್ಲ, ಕುಂಕುಮದ್ದೂ ಅಲ್ಲ. ಸಂತೆಗೆ ಬಂದ ಬಂಡಿ ಎತ್ತುಗಳ ಹತ್ತಿರ ನಿಂತು ನೋಡಿಬಂದಳು. ಮಕ್ತಲ್‌ಗೆ ಹೋಗಿ ಕೆಂದ್ಯಾನನ್ನೇ ನೋಡಿ ಬರೋಣ ಅನ್ನುವುದು ಮಾತ್ರ ತಲೆಗೆ ಹೊಳೆಯಲಿಲ್ಲ. ಹಂಸ ನೇಯುವವರು ಹಂಸ ನೋಡಲು ಹೋಗುತ್ತಾರೆಯೇ? ನಕ್ಷೆ ಇದ್ದರೆ ಸಾಕು.

ಬತುಕಮ್ಮ ಮುಗಿದು ಆಯುಧಪೂಜೆಯ ದಿನ ತಾಯಣ್ಣ, ಆಶಮ್ಮ ಬಂದರು. ಕೋಡಿನ ತುದಿ, ಮೇಲಿನ ಅಂಚು ಎರಡೇ ಬಾಕಿ ಇದ್ದವು. ಸಾಯಿನಾಥ ಹಲಗೆ ಹೊತ್ತು ತಂದು ಕಟ್ಟೆಯ ಮೇಲೆ ಬಿಸಿಲಿಗೆ ನಿಲ್ಲಿಸಿದ. ಆಶಮ್ಮ ನೋಡಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಂಡ್ಯಾನ ಕಣ್ಣ ಕೆಳಗೆ ನೀರಿಳಿದ ಕಲೆ ಸೈತ ಬಂದಿದೆ ಅಂತ ಗಂಡನಿಗೆ ತೋರಿಸಿದಳು. ತಾಯಣ್ಣ ಹತ್ತಿರ ಬಂದ, ದೂರ ಹೋದ, ಕುಕ್ಕರಗಾಲಲ್ಲಿ ಕೂತ. ಚಹಾ ಕೊಟ್ಟರು, ಕುಡಿದ. ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡ.

“ತಂಗೆಮ್ಮಾ, ಎತ್ತು ನನ್ನವೇ,” ಅಂದ. “ಆದ್ರ ಅದಲಿ ಬದಲಿ ಹೂಡೀದಿ.”

ಯಾರಿಗೂ ತಿಳಿಯಲಿಲ್ಲ. ತಾಯಣ್ಣ ಎದ್ದು ಬೆರಳಿಟ್ಟು ತೋರಿಸಿದ. ಬಲಕ್ಕೆ ಹೂಡುವ ಹಂಡ್ಯಾ ಎಡಕ್ಕೆ ಬಂದಿದೆ. ಕೆಂದ್ಯಾ ಬಲಕ್ಕೆ ಹೋಗಿದೆ. ಹಂಡ್ಯಾನ ಎಡಗಿವಿ ಮುಳ್ಳುತಂತಿಗೆ ಸಿಕ್ಕು ಹರಿದಿತ್ತು, ಇಲ್ಲಿ ಬಲಗಿವಿ ಹರಿದಿದೆ. ಫೋನ್ ತೆಗೆದು ಪಕ್ಕಕ್ಕೆ ಹಿಡಿದ. ಮಾಧವಿ ಅದನ್ನು ನೋಡಿದಳು, ಇದನ್ನು ನೋಡಿದಳು. ಒಂದು ಮಚ್ಚೆಯೂ ತಪ್ಪಿಲ್ಲ. ಎಲ್ಲವೂ ಸರಿಯಾಗಿಯೇ ತಿರುವುಮುರುವಾಗಿತ್ತು, ಕನ್ನಡಿಯಲ್ಲಿ ಕಂಡ ಹಾಗೆ.

ಅದು ಹೇಗಾಯಿತು ಅಂತ ಮೊದಲು ಹೊಳೆದದ್ದು ನರಸಯ್ಯನವರಿಗೆ. ಕಟ್ಟೆ ಇಳಿದು ಬಂದು, ಒಣಗಿದ ಬಣ್ಣದ ಮೇಲೆ ಕೈಯಾಡಿಸಿ, ಮೀಸೆಯೊಳಗೇ ನಕ್ಕರು. ತಾಯಣ್ಣನಿಗೆ ಬಿಡಿಸಿ ಹೇಳಿದರು. ತಮ್ಮ ಮಗ್ಗದ ಮೇಲೆ ಸೀರೆಯನ್ನು ಮುಖ ಕೆಳಗೆ ಮಾಡಿ ನೇಯುತ್ತಾರೆ, ನೇಯುವವರಿಗೆ ಕಾಣುವುದು ಬೆನ್ನು. ಉಟ್ಟಾಗ ಹಂಸ ಬಲಕ್ಕೆ ನೋಡಬೇಕು ಅಂದರೆ ನಕ್ಷೆ ಬರೆಯುವವರು ಅದನ್ನು ಎಡಕ್ಕೆ ತಿರುಗಿಸಿ ಬರೆಯುತ್ತಾರೆ. ಎಡದಿಂದ ಎಣಿಸಿದ್ದನ್ನು ಬಲದಿಂದ ತುಂಬುತ್ತಾರೆ. ಮಾಧವಿಯ ಕೈಗೆ ಚಿಕ್ಕಂದಿನಿಂದ ಅದೇ ಗೊತ್ತು.

“ಅಕೀ ಕಣ್ಣು ತಪ್ಪಿಲ್ಲ. ಕೈಗೆ ನಮ್ಮ ಕಸಬು ಹತ್ತೇತಿ, ಅಷ್ಟ,” ಅಂದರು ನರಸಯ್ಯನವರು.

“ಅದು ಖರೇರಿ ಯಜಮಾನ್ರ. ಆದ್ರ ನನ್ನ ಎತ್ತು ಸೀರಿ ಅಲ್ಲಲ್ರಿ,” ಅಂದ ತಾಯಣ್ಣ.

ಮಾಧವಿಗೆ ಹಿಂದಿನದೆಲ್ಲ ಕಣ್ಣ ಮುಂದೆ ಬಂತು. ಇಷ್ಟು ದಿನ ಬರೆದದ್ದೆಲ್ಲ ಹೀಗೇ ಇರಬೇಕು. ಹೂವಿಗೆ ಎಡ ಬಲ ಇಲ್ಲ, ಯಾರೂ ಕೇಳಲಿಲ್ಲ. ಮಹೇಂದರನ ಮೇಕೆಯ ಹಣೆಯ ಬಿಳಿ ಪಟ್ಟೆ ಯಾವ ಕಣ್ಣಿನ ಕಡೆ ಇಳಿದಿದೆ ಅಂತ ಮಹೇಂದರನೇ ಇನ್ನೂ ನೋಡಿರಲಿಕ್ಕಿಲ್ಲ. ಎರಡು ಜೀವ ಒಂದರ ಪಕ್ಕ ಒಂದು ನಿಂತಾಗಲೇ ಈ ತಪ್ಪು ಹೊರಬಿದ್ದದ್ದು.

ಒಯ್ಯೋಣ, ಮನೆಗೆ ಬಂದವರು ಯಾರು ಅಷ್ಟು ನೋಡುತ್ತಾರೆ ಅಂದಳು ಆಶಮ್ಮ. ತಾಯಣ್ಣನೂ ಮೆತ್ತಗಾದ. ಹೆಣ್ಣುಮಗಳು ಎರಡು ತಿಂಗಳು ಕೂತು ಬರೆದಿದ್ದಾಳೆ, ಬರಿಗೈಯಲ್ಲಿ ಹೋಗುವುದು ಅವನಿಗೂ ಸರಿ ಕಾಣಲಿಲ್ಲ. ಆಗಲಿ, ಕಟ್ಟಿಕೊಡಿ ಅಂದ. ನರಸಯ್ಯನವರು ಸೊಸೆಯ ಮುಖ ನೋಡಿದರು. ಈಗ ಆಕೆ ಹಗ್ಗ ತಂದು ಹಲಗೆ ಕಟ್ಟಿ ಕೊಟ್ಟರೆ ಮುಗಿಯಿತು, ಕೋಣೆ ಅವಳದು.

“ಕೊಡಂಗಿಲ್ರಿ,” ಅಂದಳು ಮಾಧವಿ. “ಮುಂಜಾನೆದ್ದು ದಿನಾ ನೋಡವರು ನೀವು. ದಿನಾ ತಪ್ಪೇ ಕಾಣತೈತಿ.”

ಮತ್ತೊಂದು ಬರೆದುಕೊಡುತ್ತೇನೆ, ಆದರೆ ಫೋಟೋ ನೋಡಿ ಅಲ್ಲ, ಕೆಂದ್ಯಾನ ಮುಂದೆ ನಿಂತು ಅಂದಳು. ಹಾಗಾದರೆ ಹಲಗೆ ಯಾಕೆ, ಕೊಟ್ಟಿಗೆಯ ಗೋಡೆ ಸುಣ್ಣ ಬಳಿದು ಹಸನಾಗಿದೆ, ಅದರ ಮೇಲೇ ಬರೆ ಅಂದ ತಾಯಣ್ಣ. ಇಬ್ಬರೂ ಬರಿಗೈಯಲ್ಲೇ ಬಸ್ಸಿಗೆ ಹೋದರು.

ಮರುದಿನ ವಿಜಯದಶಮಿ. ನರಸಯ್ಯನವರು ಆಡಿದ ಮಾತಿಗೆ ನಿಂತರು. ಕುಣಿಯ ಹಲಗೆ ತೆಗೆಸಿ, ಒಳಗೆ ಸಾರಿಸಿ, ಹಾಸು ಏರಿಸಿದರು. ಮಾಧವಿ ಡಬ್ಬಿಗಳನ್ನೂ ತುಂಡುಗಳನ್ನೂ ಮೆಟ್ಟಿಲ ಕೆಳಗಿನ ಕತ್ತಲೆಗೆ ಸೇರಿಸಿದಳು. ತಿರುವುಮುರುವಾದ ಎತ್ತುಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಅತ್ತೆಯ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತಳು. ಮುಖ ಊದಿಸಲಿಲ್ಲ, ಯಾರ ಮೇಲೂ ಹಾಯಲಿಲ್ಲ. ನೇಯ್ಗೆಯಲ್ಲಿ ಮಾವ ಒಂದು ಎಳೆ ತಪ್ಪು ಹಿಡಿಯಲಿಲ್ಲ. ಸಂಜೆಗೆ ಎಲ್ಲಿಗೆ ಬಂತು ಅಂತ ಕೇಳುವುದನ್ನು ಮಾತ್ರ ಅವರು ಬಿಟ್ಟರು.

ಅಮಾವಾಸ್ಯೆಯ ದಿನ ಓಣಿಯಲ್ಲಿ ಮಗ್ಗ ಆಡುವುದಿಲ್ಲ. ಆ ದಿನ ಮಾಧವಿ ವೈರಿನ ಚೀಲದಲ್ಲಿ ಡಬ್ಬಿ, ಕುಂಚ ತುಂಬಿಕೊಂಡು ಮಕ್ತಲ್ ಬಸ್ಸು ಹತ್ತಿದಳು.

ಕೆಂದ್ಯಾ ಫೋಟೋದಲ್ಲಿದ್ದ ಕೆಂದ್ಯಾ ಆಗಿರಲಿಲ್ಲ. ಗಂಗೆದೊಗಲು ಜೋತುಬಿದ್ದಿತ್ತು, ಬಣ್ಣ ಮಸುಕಾಗಿತ್ತು. ಆಕೆ ಚೌಕಳಿ ಎಳೆಯಲಿಲ್ಲ. ಚೌಕಳಿ ಎಳೆದರೆ ಕೈ ಮತ್ತೆ ಬಲದಿಂದ ಎಣಿಸುತ್ತದೆ ಅಂತ ಗೊತ್ತಾಗಿತ್ತು. ಇದ್ದಲಿ ಹಿಡಿದು ಕಣ್ಣಳತೆಯಲ್ಲೇ ಗೆರೆ ಹಾಕಿದಳು. ಆದರೆ ಎತ್ತು ನಿಲ್ಲಬೇಕಲ್ಲ. ಗೋಡೆಯ ಮುಂದೆ ತಂದು ಕಟ್ಟಿದರೆ ಹಿಂಭಾಗ ತಿರುಗಿಸುತ್ತದೆ, ಬಲಕ್ಕೆ ಕೊರಳು ಚಾಚಿ ಮೂಸುತ್ತದೆ, ಮತ್ತೆ ತಿರುಗುತ್ತದೆ. ಹುಲ್ಲು ಹಾಕಿದರೂ ಅಷ್ಟೇ, ಗದರಿಸಿದರೂ ಅಷ್ಟೇ. ಕಡೆಗೆ ತಾಯಣ್ಣ ತಾನೇ ಹೋಗಿ ಅದರ ಬಲಕ್ಕೆ, ಹಂಡ್ಯಾ ನಿಲ್ಲುವ ಜಾಗದಲ್ಲಿ ನಿಂತು, ಕೊರಳ ಮೇಲೆ ಕೈಯಿಟ್ಟ. ಕೆಂದ್ಯಾ ನಿಂತಿತು.

ನಿಂತವ ಸುಮ್ಮನೆ ನಿಲ್ಲಲಾರದೆ ಹಂಡ್ಯಾನ ಮಾತು ತೆಗೆದ. ಹಂಡ್ಯಾ ನೀರು ಕುಡಿಯುವಾಗ ಮೊದಲು ಮೂಗಿನಿಂದ ನೀರನ್ನು ಊದುತ್ತಿತ್ತು. ಸಿಟ್ಟು ಬಂದರೆ ಹರಿದ ಕಿವಿ ಒಂದನ್ನೇ ಹಿಂದಕ್ಕೆ ಮಾಡುತ್ತಿತ್ತು. ಕೆಂದ್ಯಾಗಿಂತ ಒಂದು ಹೆಜ್ಜೆ ಮುಂದೆ ನಿಲ್ಲುವ ಚಟ. ಮಾಧವಿ ಕುಂಚ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. ಹಂಡ್ಯಾನ ಮುಂಗಾಲನ್ನು ಒಂದು ಹೆಜ್ಜೆ ಮುಂದೆ ಇಟ್ಟಳು. ಫೋಟೋದಲ್ಲಿ ಅದು ಇರಲಿಲ್ಲ.

ಅಮಾವಾಸ್ಯೆಗೊಮ್ಮೆ ಹೋದರೆ ಗೋಡೆ ಎಷ್ಟು ಏರೀತು? ಚಳಿಗಾಲ ಪೂರಾ ಹಿಡಿಯಿತು. ಈಗಲೂ ಆಕೆ ಕೆಳಗಿನಿಂದಲೇ ಶುರು ಮಾಡಿದ್ದಳು. ಮೊದಲ ತಿಂಗಳು ಕೊಟ್ಟಿಗೆಯ ಗೋಡೆಯ ಮೇಲೆ ಹೂವಿನ ಅಂಚು, ಎಂಟು ಕಾಲು ಅಷ್ಟೇ. ಹೊಲಕ್ಕೆ ಹೋಗುವವರು ನಿಂತು ನೋಡಿ ತಾಯಣ್ಣನನ್ನು ಆಡಿಕೊಂಡರು. ಎರೆಹೊಲದಲ್ಲಿ ಬಿಳಿಜೋಳ ಬೆಳೆದರೆ ನಿನ್ನ ಗೋಡೆಯಲ್ಲಿ ಎತ್ತು ಬೆಳೆಯುತ್ತಿದೆ, ತೆನೆ ಯಾವಾಗ ಬಿಡುತ್ತದೆ ಅಂತ ಕೇಳಿದರು. ಮುಂದಿನ ಅಮಾವಾಸ್ಯೆಗೆ ಹೊಟ್ಟೆ ಬಂತು, ಅದರ ಮುಂದಿನದಕ್ಕೆ ಕೊರಳು, ಗೆಜ್ಜೆ. ಪ್ರತಿಸಲವೂ ತಾಯಣ್ಣ ಬಲಕ್ಕೆ ನಿಂತ. ಆಶಮ್ಮ ರೊಟ್ಟಿ ತಂದಳು, ಮೂವರೂ ಅಲ್ಲೇ ಕೂತು ಉಂಡರು.

ಕೋಡು ಮುಗಿದ ದಿನ ತಾಯಣ್ಣ ಕೆಂದ್ಯಾನ ಹಗ್ಗ ಬಿಚ್ಚಿ, ದೂರ ಹೋಗಿ, ಬೇವಿನ ಗಿಡದ ಬುಡದಲ್ಲಿ ಕೂತ. ಮಾಧವಿ ಕುಂಚ ತೊಳೆಯುತ್ತ ಕಾದಳು. ಈ ಸಲ ಬೇಗ ಮಾತಾಡಿದ.

“ಈಗ ಹೂಡಬಹುದು.”

“ಹೂಡ್ರಿ,” ಅಂದಳು ಆಶಮ್ಮ. “ಗ್ವಾಡಿ ಎಳಕೊಂಡು ಹೋಗ್ತಾವ.”

ನಾರಾಯಣಪೇಟೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನರಸಯ್ಯನವರು ಕಟ್ಟೆಯ ಮೇಲೇ ಕೂತಿದ್ದರು. ಬಹಳ ದಿನದ ಮೇಲೆ ಎಲ್ಲಿಗೆ ಬಂತು ಅಂತ ಕೇಳಿದರು. ಮುಗಿಯಿತು ಅಂದಳು. ತಾಯಣ್ಣ ಏನಂದ ಅಂತ ಕೇಳಿದರು, ಹೇಳಿದಳು. ಅವರು ಮೀಸೆ ತಿರುವಿದರು.

“ಒಪ್ಪಿದ ಅಂದಂಗಾತು. ದಸರಾ ದಾಟಿ ಒಪ್ಪಿದ, ಅದು ಬ್ಯಾರೆ ಮಾತು,” ಅಂದರು. “ಈ ಹಾಸು ಮುಗಿಸಿಬಿಡು. ಆಮ್ಯಾಲ ನಾ ಏರಸಂಗಿಲ್ಲ. ಖೋಲಿ ತಗೋ.”

ಇಷ್ಟು ದಿನ ಇದೇ ಮಾತಿಗೆ ಕಾದವಳು ಮಾಧವಿ. ಕಾಲು ತೊಳೆದುಕೊಂಡು ಬಂದು ಅವರ ಎದುರಿನ ಮೆಟ್ಟಿಲ ಮೇಲೆ ಕೂತಳು.

“ಖೋಲಿ ಬ್ಯಾಡ್ರಿ ಮಾವಾರ. ಖೋಲ್ಯಾಗ ಎತ್ತು ಬರಂಗಿಲ್ಲ.”

ಮಗ್ಗ ಇರಲಿ, ತಾನೇ ಕೂಡುತ್ತೇನೆ ಅಂದಳು. ಅಮಾವಾಸ್ಯೆಯ ಜೊತೆಗೆ ಆಯಿತವಾರವೂ ಹೊರಗೆ ಹೋಗಲು ಬಿಡಬೇಕು. ಗದ್ವಾಲಿನಲ್ಲಿ ಹರಿಕೃಷ್ಣನ ಮನೆಯ ಹಿಂದಿನ ರಾಮುಲು ಎಂಬವನಿಗೆ ತನ್ನ ಎಮ್ಮೆಯ ಚಿತ್ರ ಗೋಡೆಗೆ ಬೇಕಂತೆ. ತಾಯಣ್ಣನ ಬೀಗರೊಬ್ಬರೂ ಕೇಳಿದ್ದಾರೆ. ಒಳಗಿಂದ ಸಾಯಿನಾಥ, ಹಾಗಾದರೆ ಖಟಕರ ಅಂಗಡಿ ಇನ್ನು ಊರೂರು ತಿರುಗುತ್ತದೆ ಅಂದ. ನರಸಯ್ಯನವರು ಮಗನಿಗೆ ಸುಮ್ಮನಿರು ಅಂದು ಲೆಕ್ಕ ಹಾಕಿದರು. ಮದುವೆಯ ಕಾಲ, ಸೀರೆಗೆ ಗಡುವಿದೆ. ಎಲ್ಲ ಆಯಿತವಾರ ಬಿಟ್ಟರೆ ಆಗದು.

“ಹುಣ್ಣಿಮಿ ತಗೋ. ಆಯಿತವಾರ ಬ್ಯಾಡ,” ಅಂದರು.

ಆಗಲಿ ಅಂದಳು ಮಾಧವಿ. ಮುಂದಿನ ಹುಣ್ಣಿಮೆಗೆ ಬೆಳಗಿನ ಬಸ್ಸಿಗೆ ಗದ್ವಾಲಿಗೆ ಹೋದಳು. ರಾಮುಲು ಎಮ್ಮೆಯನ್ನು ತೊಳೆದು ಗೋಡೆಯ ಮುಂದೆ ಕಟ್ಟಿದ್ದ. ಇದು ಮಲಗುವುದು ಯಾವ ಮಗ್ಗುಲಿಗೆ, ಕರು ಯಾವ ಕಡೆ ನಿಲ್ಲುತ್ತದೆ ಅಂತ ಮೊದಲು ಕೇಳಿ ತಿಳಿದುಕೊಂಡು, ಆಮೇಲೆ ಕೆಳಗೆ ಕೂತು ಗೊರಸಿನಿಂದ ಶುರು ಮಾಡಿದಳು.